ನಡುಗಾಲದ ಪಾಠ

ಬೆಳಗಿನ ಮೊದಲ ಪೀರಿಯಡ್ಡು ನನ್ನದು.
ಜ್ಞಾನಭಾರತಿ ಸ್ಟೇಷನ್ನಿನಲ್ಲಿ ಇಳಿದು
ನೀಲಗಿರಿಯ ಒಣಗಿದ ಎಲೆ ತುಳಿಯುತ್ತ
ಹನ್ನೆರಡನೆಯ ಶತಮಾನಕ್ಕೆ ನಡೆದು ಹೋಗುತ್ತೇನೆ.
ಹದಿನೆಂಟು ನಿಮಿಷದ ದಾರಿ.
ತಡವಾದರೆ ಆಟೋ.

ನಿನ್ನೆ ಸಂಜೆಯ ಅರ್ಥಶಾಸ್ತ್ರದ ಗ್ರಾಫು
ಹಲಗೆಯ ಮೇಲೆ ಇನ್ನೂ ಏರುತ್ತಲೇ ಇದೆ.
ಒರೆಸಿ, ಬರೆಯುತ್ತೇನೆ:
ದತ್ತಿ. ಉಂಬಳಿ. ಕೆರೆಗೊಡಗೆ.
ಕೆರೆ ಕಟ್ಟಿಸಿದವನಿಗೆ ಏರಿ ಕೆಳಗಿನ ಇಷ್ಟು ಗದ್ದೆ
ಸೂರ್ಯಚಂದ್ರರು ಇರುವತನಕ ಸಲ್ಲುವುದು.
ಈ ಸಾಲು ಬಂದಾಗೆಲ್ಲ ನಾಲಿಗೆ ಕೊಂಚ ತಡೆಯುತ್ತದೆ.
ನನಗೆ ಸಲ್ಲುವುದು ಸೆಮಿಸ್ಟರ್ ಮುಗಿಯುವತನಕ.
ಅತಿಥಿ ಉಪನ್ಯಾಸಕಿ, ಒಂಬತ್ತು ವರ್ಷದಿಂದ ಅತಿಥಿ.
ಯಾರೂ ಮಣೆ ಹಾಕಿಲ್ಲ, ಏಳು ಎಂದೂ ಅಂದಿಲ್ಲ;
ಗಂಟೆಗಿಷ್ಟು ಎಂದು ಎಣಿಸಿ ಕೊಡುತ್ತಾರೆ,
ಅದೂ ಹಬ್ಬ ಕಳೆದ ಮೇಲೆ.

ಕಿಟಕಿ ಪಕ್ಕದ ಅಂಜಿನಪ್ಪ,
ರಾತ್ರಿಯೆಲ್ಲ ಮನೆಮನೆಗೆ ಬಿರಿಯಾನಿ ಮುಟ್ಟಿಸಿ
ನನ್ನ ಹೊಯ್ಸಳರಲ್ಲಿ ನಿದ್ದೆ ತೀರಿಸಿಕೊಳ್ಳುವವನು,
ಮೊನ್ನೆ ಇದ್ದಕ್ಕಿದ್ದಂತೆ ಕಣ್ಣು ಬಿಟ್ಟ:
"ಮೇಡಂ, ಮಧ್ಯಯುಗದೋರಿಗೆ
ತಾವು ಮಧ್ಯದಲ್ಲಿದೀವಿ ಅಂತ ಗೊತ್ತಿತ್ತಾ?"

ಕ್ಲಾಸು ನಕ್ಕಿತು. ನಾನೂ ನಕ್ಕೆ.
ನಕ್ಕ ಮೇಲೆ ಹುಡುಕಿದೆ, ಸಿಲಬಸ್ಸಿನಲ್ಲಿ ಉತ್ತರ ಇರಲಿಲ್ಲ.
"ಇಲ್ಲ ಮಾರಾಯ. ಕಲಿಗಾಲ, ಇನ್ನೇನು ಮುಗಿಯಿತು,
ತಾವೇ ಕಡೆಯವರು ಅಂದುಕೊಂಡಿದ್ದರು."
"ನಮ್ ಥರಾನೇ" ಅಂದು
ಮತ್ತೆ ಡೆಸ್ಕಿಗೆ ಕೆನ್ನೆ ಕೊಟ್ಟ.

ಶನಿವಾರ ಕಲ್ಲು ತೋರಿಸಲು ಕರೆದುಕೊಂಡು ಹೋದೆ.
ರಿಂಗ್ ರೋಡು ದಾಟಿ, ಪಂಕ್ಚರ್ ಅಂಗಡಿ ಹಿಂದೆ,
ಕೆರೆ ಇದ್ದಲ್ಲಿ ಈಗ ಬಸ್ ಡಿಪೋ,
ತೂಬು ಇದ್ದಲ್ಲಿ ವಠಾರ, ವಠಾರಕ್ಕೊಂದು ನಲ್ಲಿ,
ನಲ್ಲಿಯ ಕೆಳಗೆ ಅಂಗಾತ ಮಲಗಿದೆ ಶಾಸನ.
ಅದರ ಮೇಲೆ ಬಟ್ಟೆ ಕುಕ್ಕುತ್ತಿದ್ದ ಮುನಿಚೌಡಮ್ಮ
ಕೈ ನಿಲ್ಲಿಸಲಿಲ್ಲ:
"ಅಕ್ಷರ ಇರೋ ಕಲ್ಲೇ ವಾಸಿ ಕಣವ್ವ,
ಕೊಳೆ ಬಿರ್ರನೆ ಬಿಡ್ತದೆ."

ಒಗೆದು ಒಗೆದು ದೊರೆಯ ಬಿರುದೆಲ್ಲ ಹೋಗಿದೆ.
ಗಂಡಭೇರುಂಡ ಹೋಗಿದೆ, ಗೆದ್ದ ಊರುಗಳು ಹೋಗಿವೆ.
ಮೊಣಕೈ ತಾಕದ ಕೆಳಗಿನ ಎರಡು ಸಾಲು ಮಾತ್ರ
ಚುರುಕಾಗಿ ಉಳಿದಿವೆ:
ಇದನ್ನು ಅಳಿದವರು ಕವಿಲೆಯನ್ನು ಕೊಂದ ಪಾಪಕ್ಕೆ...

"ಏನ್ ಬರ್ದವ್ರೆ ಅದ್ರಲ್ಲಿ?"
ಸೋಪಿನ ಕೈ ಒರೆಸುತ್ತ ಕೇಳಿದಳು.
ಹನ್ನೊಂದು ಮಕ್ಕಳು, ಹನ್ನೊಂದು ನೋಟ್‌ಬುಕ್ಕು.
ಆಕರವಿಲ್ಲದೆ ಒಂದು ಮಾತೂ ಆಡಬೇಡಿ ಎಂದು
ಅದೇ ವಾರ ಅವರಿಗೆ ಹೇಳಿದ್ದೆ.
"ಇಲ್ಲಿ ನೀರು ಬತ್ತದೆ ಇರಲಿ,
ನೀರು ಮುಟ್ಟಿದವರ ಮನೆ ತಣ್ಣಗಿರಲಿ
ಅಂತ ಬರೆದಿದೆ, ಅಮ್ಮ."
ಹಳೆಯ ಲಿಪಿ ನನ್ನಿಂದಲೇ ಕಲಿತ ಅಂಜಿನಪ್ಪ
ಕಲ್ಲು ನೋಡಿದ, ನನ್ನ ನೋಡಿದ,
ಪೆನ್ನಿನ ಮುಚ್ಚಳ ಹಾಕಿದ.

ತಿಕ್ಕಿ ತೊಳೆಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಒದ್ದೆ ಕಾಗದ ಹಾಸಿ, ಬ್ರಷ್ಷಿನಲ್ಲಿ ಬಡಿದು,
ಮಸಿಯುಂಡೆ ಒತ್ತಿ ಪಡಿಯಚ್ಚು ತೆಗೆದೆವು.
ಮೇಲೆಲ್ಲ ಬರೀ ಕಪ್ಪು.
ತಳದಲ್ಲಿ ಎರಡೇ ಸಾಲು ಬಿಳಿ ಶಾಪ.
ಒಣಗಲೆಂದು ಅವಳ ತಂತಿಗೇ ಸಿಕ್ಕಿಸಿದೆವು,
ಒಂದು ಲಂಗಕ್ಕೂ ಮಗನ ಕಂಡಕ್ಟರ್ ಖಾಕಿಗೂ ನಡುವೆ.
ಮೂರೂ ಗಾಳಿಗೆ ಒಂದೇ ಕಡೆ ಉಬ್ಬುತ್ತಿದ್ದವು.

ನಾನು ಇನ್ನೂ ಮಾತಾಡುತ್ತಿದ್ದೆ, ಕಾಲ, ವಂಶ, ಲಿಪಿ,
ಅವಳು ಬಕೆಟ್ಟು ಎತ್ತಿಕೊಂಡು ಬಂದಳು.
"ಕಾಗ್ದ ಒಣಗೈತೆ, ತಗೊಳ್ರಪ್ಪ. ಜಾಗ ಬಿಡಿ,
ಇನ್ನೊಂದು ಸುತ್ತು ಒಗ್ಯೋದೈತೆ.
ನೀರು ಬರೋದು ಹನ್ನೊಂದು ಗಂಟೆಗಂಟ ಅಷ್ಟೇ."