ತೂತು ಗೂಡು

ಮಾತ್ರೆ ನಿಂತು ನಲವತ್ತು ದಿನ.
ಡಾಕ್ಟರಮ್ಮ ಬರೆದೇ ಕೊಟ್ಟಿದ್ದಾರೆ,
ಇನ್ನು ನಿನ್ನಿಂದ ಯಾರಿಗೂ ಏನೂ ಹರಡೋದಿಲ್ಲ ಅಂತ.
ಆ ಚೀಟಿ ರವಿಕೆಯೊಳಗಿದೆ,
ಬಸ್ಸಿನ ಟಿಕೆಟ್ ಇಟ್ಟುಕೊಂಡ ಹಾಗೆ,
ಯಾರಾದರೂ ತಡೆದು ಕೇಳಿದರೆ ತೋರಿಸೋಣ ಅಂತ.
ಯಾರೂ ಕೇಳುವುದಿಲ್ಲ. ಅದೇ ಭಯ.

ಸೋಮವಾರ ಹೊರಟೆ. ನಲ್ಲಿಯ ತನಕ ಹೋದೆ.
ಬಿಂದಿಗೆ ಸಾಲಿನಲ್ಲಿ ಎಂಟು ಬೆನ್ನು.
ಒಂದೂ ತಿರುಗಿರಲಿಲ್ಲ ಇನ್ನೂ,
ನಾನೇ ತಿರುಗಿದೆ.

ಬುಧವಾರ ಹುಣಸೆಮರ ದಾಟಿ ಸೈಕಲ್ ಶಾಪಿನ ತನಕ.
"ಕಾಣಲೇ ಇಲ್ಲವಲ್ಲಮ್ಮ ಇಷ್ಟು ದಿನ?" ಅಂದ ಚೌಡಪ್ಪ.
ಅದಕ್ಕೆ ಉತ್ತರ ಕಟ್ಟಿಟ್ಟುಕೊಂಡಿದ್ದೆ,
ಗೌರಿಬಿದನೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ ಅಂತ,
ಗೋಡೆಗೆ ಹೇಳಿ ಹೇಳಿ ನುಣ್ಣಗೆ ಮಾಡಿದ ಮಾತು.
ಬಾಯಿಗೆ ಬಂದದ್ದು "ಹೂಂ" ಒಂದೇ.
ಮನೆಗೆ ಬಂದು ಚಿಲಕ ಹಾಕಿ
ಉಗುರುಬಣ್ಣದ ಚುಕ್ಕೆಯಿಟ್ಟ ಲೋಟದಲ್ಲಿ ನೀರು ಕುಡಿದೆ.
ಆ ಚುಕ್ಕೆ ಇಟ್ಟವಳು ನಾನೇ.
ಇಡು ಅಂತ ಯಾರೂ ಅಂದಿರಲಿಲ್ಲ.

ತಂಗಿ ಫೋನಿನಲ್ಲಿ ಹೇಳುತ್ತಾಳೆ,
"ಗೂಡಿನಿಂದ ಹೊರಗೆ ಬಾರಕ್ಕಾ, ಚಿಟ್ಟೆ ಥರ."
ಅವಳು ಶಿಡ್ಲಘಟ್ಟ ಬಿಟ್ಟು ಬಹಳ ದಿನವಾಯಿತು.
ಹನ್ನೊಂದು ವರ್ಷ ಗೂಡು ಬೇಯಿಸಿದ ಕೈ ಇದು.
ಚಿಟ್ಟೆ ಹೊರಗೆ ಬಂದರೆ ಅದು ತೂತು ಗೂಡು,
ನೂಲು ತುಂಡು ತುಂಡು,
ಮಾರುಕಟ್ಟೆಯಲ್ಲಿ ಬೆರಳಿಂದ ಆಚೆ ತಳ್ಳುತ್ತಾರೆ.
ಹೊರಗೆ ಬರೋದಕ್ಕೆ ಮುಂಚೆ
ಒಳಗಿರೋದನ್ನ ಬಿಸಿನೀರಿಗೆ ಹಾಕೋದೇ ನಮ್ಮ ಕಸುಬು.
ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
"ಸರಿ" ಅಂದೆ.

ಶನಿವಾರ ಕಾಲು ತಾನಾಗೇ ನಡೆಯಿತು.
ಯೋಚನೆ ಹಿಂದೆ ಬರುತ್ತಿತ್ತು, ಚಪ್ಪಲಿ ಕಿತ್ತ ಮಗುವಿನ ಹಾಗೆ.
ಬಾಬಾಜಾನ್ ಸಾಹೇಬರ ಶೆಡ್ಡಿಗಿಂತ ಮೊದಲು
ಬೆಂದ ಹುಳುವಿನ ವಾಸನೆ ಸಿಕ್ಕಿತು,
ಹೊಸಬರು ಮೂಗು ಮುಚ್ಚುವಂಥದ್ದು.
ನಾನು ನಿಂತು ಎಳೆದುಕೊಂಡೆ, ಎದೆ ತುಂಬ,
ತುಂಬುವ ಎದೆ ಇದೆಯಲ್ಲ ಅಂತ.

ನನ್ನ ಬೇಸಿನ್ನಿನ ಮುಂದೆ ಹೊಸ ಹುಡುಗಿ,
ಕಿವಿಗೆ ವೈರು ಸಿಕ್ಕಿಸಿಕೊಂಡು.
ಪಿಳ್ಳಮ್ಮ ಸ್ಟೂಲನ್ನು ಗೋಡೆ ಕಡೆ ಎಳೆದುಕೊಂಡಳು, ಒಂದು ಗೇಣು.
ಗೇಣೇ. ಕಣ್ಣಲ್ಲೇ ಅಳೆದೆ.
ಉಳಿದವರು ನೋಡಿ, ಎಳೆ ತಪ್ಪೀತೆಂದು ಮತ್ತೆ ಬಗ್ಗಿದರು.
ಆಗಲೇ ಗಂಟಲಲ್ಲಿ ಅದು ಶುರುವಾಯಿತು,
ಜೋಳದ ಕೂದಲು ಸಿಕ್ಕಿಕೊಂಡಂತೆ.
ಉಗುಳು ನುಂಗಿದೆ. ಸೆರಗು ಕಚ್ಚಿದೆ.
ಒಂಬತ್ತು ತಿಂಗಳು ಹೆದರಿದ್ದೆಲ್ಲ ಒಟ್ಟಿಗೆ ಬಂದ ಹಾಗೆ
ಕೆಮ್ಮಿದೆ.

ಸೌದೆ ಹೊಗೆ, ಹಬೆ, ಹೊಟ್ಟಿನ ಬೂದಿ.
ಶಮೀಮ್ ಕೆಮ್ಮಿದಳು.
ಆ ಕೊನೆಯಿಂದ ಮುನಿಲಕ್ಷ್ಮಮ್ಮ ಕೆಮ್ಮಿ ಒಲೆಗೆ ಬೈದಳು.
ಪಿಳ್ಳಮ್ಮನೂ, ಗೋಡೆಗೆ ತಿರುಗಿ, ಎರಡು ಸಲ.
ಹೊಸ ಹುಡುಗಿ ಹಾಡು ನಿಲ್ಲಿಸದೆಯೇ ಕೆಮ್ಮಿದಳು.
ಮರೆತೇ ಹೋಗಿತ್ತು ನನಗೆ,
ಇಲ್ಲಿ ಎಲ್ಲರೂ ಕೆಮ್ಮುತ್ತಾರೆ.
ಮೊದಲಿಂದಲೂ.

ಶಮೀಮ್ ಬೈಟು ಚಾ ಹೇಳಿದಳು.
ಎರಡನೇ ಲೋಟ ತರಲು ಹುಡುಗ ಮರೆತ.
ಅರ್ಧ ಕುಡಿದು, ನೀರಲ್ಲಿ ನೆನೆದು ಬಿಳಿಚಿದ ಬೆರಳಿಂದ
ಅದನ್ನೇ ಮುಂದೆ ಹಿಡಿದಳು,
"ತಗೋ ಆಂಜಿನಕ್ಕಾ, ಆರ್ತದೆ."
ಆ ಲೋಟಕ್ಕೆ ಚುಕ್ಕೆ ಇರಲಿಲ್ಲ.
ಕುಡಿಯಲಿಲ್ಲ ನಾನು. ಆಗಲಿಲ್ಲ.
ಆರುವ ತನಕ ಕೈಯಲ್ಲೇ ಹಿಡಿದುಕೊಂಡಿದ್ದೆ.
ಅವಳು ನಾದಿನಿಯ ಮದುವೆಯ ಜಗಳ ಹೇಳುತ್ತಿದ್ದಳು,
ಮೂರು ಕಡೆ ಸರಿಯಾಗಿ ನಕ್ಕೆ,
ಒಂದು ಕಡೆ ತಪ್ಪಾಗಿ.

ವಾಪಸು ಬರುವಾಗ ಬಿತ್ತನೆ ಕೋಠಿಯ ಕಿಟಕಿ ತೆಗೆದಿತ್ತು.
ಅಲ್ಲಿ ಮಾತ್ರ ಗೂಡನ್ನು ಬೇಯಿಸುವುದಿಲ್ಲ,
ತೂತಾಗಲು ಬಿಡುತ್ತಾರೆ.
ಕಾಗದದ ಮೇಲೆ ಚಿಟ್ಟೆಗಳು, ಒದ್ದೆ, ಮುದುಡಿದ ರೆಕ್ಕೆ.
ತಂಗಿಗೆ ಗೊತ್ತಿಲ್ಲ,
ನಮ್ಮ ಚಿಟ್ಟೆಗೆ ಹಾರಲು ಬರುವುದಿಲ್ಲ.
ನಡುಗುತ್ತ ನಡೆಯುತ್ತದೆ, ಅಷ್ಟೇ,
ಒಂದು ಗೇಣು, ಇನ್ನೊಂದು.

ಸೋಮವಾರ ಏಳಕ್ಕೆಲ್ಲ ಬಂದುಬಿಡು ಅಂದಿದ್ದಾರೆ ಸಾಹೇಬರು.
ಏಳು ಅಂದರೆ ನಲ್ಲಿ ನೀರಿನ ಹೊತ್ತು.
ಎಂಟು ಬೆನ್ನು.
ಬಿಂದಿಗೆ ತಗೊಂಡೇ ಹೋಗಲೇನು?