ರಫ್ತು

ಲ್ಯಾಪ್‌ಟಾಪಿನ ಭಾಷೆ ಕನ್ನಡಕ್ಕೆ ಇಟ್ಟಿದ್ದೆ, ಅದಕ್ಕೇ
ಆ ಗುಂಡಿಯ ಮೇಲೆ ‘ರಫ್ತು’ ಎಂದಿತ್ತು.
ರಾತ್ರಿ ಹನ್ನೊಂದೂಕಾಲು. ಧಾರವಾಡ, ಸಪ್ತಾಪುರದ ಬಾಡಿಗೆ ಕೋಣೆ.
ಎರಡು ಸುಗ್ಗಿಯ ನಾನೂರ ಹನ್ನೆರಡು ಟಿಪ್ಪಣಿ.
ನಾಳೆ ಹತ್ತಕ್ಕೆ ಮೂರನೆಯ ಅಧ್ಯಾಯ
ಹಂಚಿನಮನಿ ಮೇಡಂ ಮೇಜಿನ ಮೇಲಿರಬೇಕು.

ರಫ್ತು.
ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಈ ಶಬ್ದ ಬಂದರೆ
ಗುಮಾಸ್ತ ಮೌನೇಶಪ್ಪ ಕನ್ನಡಕ ಹಣೆಗೇರಿಸುತ್ತಿದ್ದ:
“ಊರ ಮಾಲು ಬ್ಯಾರೆ ತಂಗಿ, ರಫ್ತಿನ ಮಾಲು ಬ್ಯಾರೆ.
ಹಡಗ ಹತ್ತೋ ಕಾಯಿಗೆ ತುಂಬು ಇರಂಗಿಲ್ಲ.”

ಮೊದಲ ದಿನ ನಾನು ‘ತೊಟ್ಟು’ ಎಂದು ಬರೆದುಕೊಂಡಿದ್ದೆ.
ಗುತ್ತೆವ್ವ ಕೇಳಿ ನಕ್ಕಳು, ಸಾಲಿಗೆ ಸಾಲೇ ನಕ್ಕಿತು,
ಮೂಗಿಗೆ ಕಟ್ಟಿದ ಸೆರಗುಗಳು ಉಬ್ಬಿ ಇಳಿದವು.
“ತೊಟ್ಟು ಹೂವಿಗವಾ. ಮೆಣಸಿನಕಾಯಿಗೆ ತುಂಬು.”
ಅದೇ ನನ್ನ ಮೊದಲ ಟ್ಯಾಗು.
ಆಮೇಲೆ ಯಾರು ಏನು ಅಂದರೂ
ಒಂದೊಂದು ಮಾತಿಗೆ ಒಂದೊಂದು ತುಂಬು ಅಂಟಿಸುತ್ತ ಹೋದೆ,
ಅವರು ಮುರಿಯುತ್ತ ಹೋದರು.

ಗುಂಡಿ ಒತ್ತಿದೆ.
ಯಾವ ಟ್ಯಾಗು? ಎಲ್ಲವೂ. ಯಾವ ಕ್ರಮ? ಅಕಾರಾದಿ.
ಕೂಲಿ, ಕೂಸು, ಕೆಮ್ಮು, ಕೈಯುರಿ,
ಎಲ್ಲ ಕಕಾರದ ಕಟ್ಟೆಗೇ ಬಂದು ಕೂತವು.
ನುಡಿ ಅಕ್ಷರಕ್ಕೆ ಬದಲಿಸಿದೆ, ವಿಭಾಗಕ್ಕೆ ಅದೇ ಬೇಕು.
ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದವು.
ಕೆಮ್‌ಮು. ಕೆಮ್‌ಮು. ಕೆಮ್‌ಮು.
ನಡುವೆ ಉಸಿರು ಸಿಕ್ಕಿಕೊಂಡ ಹಾಗೆ. ಇದೊಂದು ತಪ್ಪನ್ನು
ತಿದ್ದಲು ಸ್ವಲ್ಪ ಹೊತ್ತು ಮನಸ್ಸಾಗಲಿಲ್ಲ.

ತಾರೀಖುಗಳೂ ಹೋಗಿದ್ದವು.
ಫೆಬ್ರುವರಿಯ ಮಂಗಳವಾರ, ಮಾರ್ಚಿನ ಹರಾಜು, ಮಾಬೂಬಿ ಜ್ವರದಿಂದ ಎದ್ದು ಬಂದ ದಿನ,
ಎಲ್ಲದರ ತಲೆಯ ಮೇಲೂ ಇಂದಿನ ತಾರೀಖು,
ಇಡೀ ಯಾರ್ಡು ಈಗಷ್ಟೇ ಈ ಕೋಣೆಗೆ ಬಂದು
ಒಟ್ಟಿಗೆ ಮಾತಾಡಿದಂತೆ.
ವರ್ಡಿಗೆ ಗುತ್ತೆವ್ವನ ಒಂದು ಶಬ್ದವೂ ಗೊತ್ತಿಲ್ಲ.
ಒಂದೊಂದರ ಕೆಳಗೂ ಕೆಂಪು ಗೆರೆ ಎಳೆದು
ಪುಟದ ತುಂಬ ಕಾಯಿ ಹರವಿದಂತೆ ಮಾಡಿತು.

ಆಗ ನೋಡಿದೆ: ಒಂದು ಮಾತು ಮೂರನೆಯ ಪುಟದಲ್ಲಿ,
ಅದೇ ಹನ್ನೊಂದರಲ್ಲಿ, ಅದೇ ಹತ್ತೊಂಬತ್ತರಲ್ಲಿ,
ಇಪ್ಪತ್ತಾರರಲ್ಲಿ ಮತ್ತೆ.
“ಕೆಜಿ ಲೆಕ್ಕದಾಗ ಕೂಲಿ, ಕೆಮ್ಮಿದ್ರ ಅಷ್ಟು ಹೊತ್ತು ಹೋತು,
ಮನೀಗೆ ಹೋದ್ರ ಕೈ ಉರೀತಾವು, ಕೂಸು ಎತ್ತಂಗಿಲ್ಲ,
ಮಜ್ಜಿಗ್ಯಾಗ ಕೈ ಅದ್ದಿ ಕುಂದರ್ತೀನಿ, ಅದು ಅಳಕೋತ ಇರ್ತದ.”
ನಾಲ್ಕು ಟ್ಯಾಗು ಹಚ್ಚಿದವಳು ನಾನೇ.
ಆಕೆ ಹೇಳಿದ್ದು ಒಂದೇ ಉಸಿರಿನಲ್ಲಿ.

ಮೇಡಂ ಹಸಿರು ಪೆನ್ನು ಏನು ಬರೆಯುತ್ತದೆ ಗೊತ್ತು:
ಪುನರುಕ್ತಿ. ಒಂದು ಕಡೆ ಇರಲಿ, ಮೂರು ತೆಗೆಯಿರಿ.
ಕೂಲಿಯಡಿ ಉಳಿಸಿದರೆ ಕೋಷ್ಟಕಕ್ಕೆ ಆದೀತು.
ಕೆಮ್ಮಿನಡಿ ಇಟ್ಟರೆ ಆರೋಗ್ಯ ಕೇಂದ್ರದ ಪುಟಕ್ಕೆ.
ಕೂಸಿನಡಿಯಿಂದ ಅಳಿಸಲು ಬೆರಳಿಟ್ಟೆ.
ಅಳು ನಿಲ್ಲುವುದಿಲ್ಲವಲ್ಲ,
ನನ್ನ ಪುಟದಿಂದ ಹೋಗುತ್ತದೆ, ಅಷ್ಟೆ.
ಬೆರಳು ಎತ್ತಿದೆ. ಮತ್ತೆ ಇಟ್ಟೆ. ಹನ್ನೆರಡೂವರೆ.

ಕೆಳಗೆ ಒಂದು ಸಾಲು: ರಫ್ತಾದವು ನಾನೂರ ಹನ್ನೊಂದು.
ಟ್ಯಾಗಿಲ್ಲದ್ದು ಒಂದು ಅಲ್ಲೇ ಉಳಿದಿದೆ.
ಹುಡುಕಿದೆ.

‘ಮಧ್ಯಾಹ್ನ ಎರಡೂ ಹತ್ತು. ಇವತ್ತು ಏನೂ ಕೇಳಲಿಲ್ಲ.
ಗುತ್ತೆವ್ವ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಪುಂಡಿಪಲ್ಯೆ
ಪೇಪರಿನ ಮೇಲೆ ಜಾರಿಸಿ ನನ್ನ ಕಡೆ ತಳ್ಳಿದಳು.
ತನ್ನ ಬೆರಳು ತಾಗದಂತೆ.
“ಇಷ್ಟೆಲ್ಲಾ ಬರಕೋತೀಯಲ್ಲ,
ಒಯ್ದು ಎಲ್ಲೆ ಸುರೀತೀ?” ಅಂದಳು.
ರೊಟ್ಟಿಗೆ ಹೆಂಗೂ ಖಾರ ಹತ್ತಿತ್ತು.’

ಇದನ್ನು ಕಾಪಿ ಮಾಡಲಿಲ್ಲ.
ನೋಡುತ್ತ ನೋಡುತ್ತ ಒಂದೊಂದೇ ಅಕ್ಷರ ಕುಟ್ಟಿದೆ,
ಕೂಲಿಗೂ ಕೂಸಿಗೂ ನಡುವಿನ ಖಾಲಿಯಲ್ಲಿ,
ಮೇಲೆ ಶೀರ್ಷಿಕೆ ಇಲ್ಲದೆ.
ಅಳಿಸಬೇಕಾದ ಮೂರು ಇನ್ನೂ ಅಲ್ಲೇ ಇವೆ.
ಕಣ್ಣು ಉಜ್ಜಿಕೊಳ್ಳಲು ಹೋಗಿ, ಯಾಕೋ,
ಮೊದಲು ಕೈ ತೊಳೆದು ಬಂದೆ.