ಕಡಂಬುಟ್ಟು

ತಮ್ಮ ಮೊಣ್ಣಪ್ಪನ ಮದುವೆ ಗೊತ್ತಾದಾಗ
ಹೆಣ್ಣಿನ ಕಡೆಯವರು ಕೇಳಿದ್ದು ಒಂದೇ:
ಹುಡುಗಿ ಬರುತ್ತಾಳೆ, ಹಾವು ಹೋಗಲಿ.
ಹಾಗೆ ಅದು ಪ್ರೆಶರ್ ಕುಕ್ಕರಿನ ರಟ್ಟಿನ ಡಬ್ಬಿಯಲ್ಲಿ
ಗೋಣಿಕೊಪ್ಪದಿಂದ ಸಿದ್ದಾಪುರಕ್ಕೆ
ನನ್ನ ಮಡಿಲ ಮೇಲೆ ಕೂತು ಬಂತು.
ಏನಕ್ಕಾ, ಕೇಕಾ? ಎಂದ ಕಂಡಕ್ಟರ್.
ಹೂಂ ಎಂದೆ.

ಮುಟ್ಟಿದರೆ ತಲೆ ಒಳಗಿಟ್ಟು ಉಂಡೆಯಾಗುತ್ತದೆ.
ಬಣ್ಣ ಬೇರೆ, ಆಕಾರ ಈಗಷ್ಟೇ ಹಬೆಯಿಂದ ಇಳಿಸಿದ
ಕಡಂಬುಟ್ಟಿನದೇ. ಹೆಸರು ಹಾಗೆ ಬಿತ್ತು.
ಆಫ್ರಿಕದ ಹೆಬ್ಬಾವು, ವಿಷವಿಲ್ಲ.
ಅರಣ್ಯ ಇಲಾಖೆಯ ಅರ್ಜಿಯಲ್ಲಿ ಉದ್ದ, ತೂಕ, ಲಿಂಗ ಕೇಳಿದ್ದರು.
ಯಾಕೆ ಎಂದು ಮಾತ್ರ ಕೇಳಿರಲಿಲ್ಲ.

ಫ್ರೀಜರಿನಲ್ಲಿ ಎರಡು ಡಬ್ಬಿ:
ಒಂದರಲ್ಲಿ ಹಂದಿಮಾಂಸ, ಒಂದರಲ್ಲಿ ಇಲಿ.
ಎರಡಕ್ಕೂ ಪ್ಲಾಸ್ಟರ್ ಅಂಟಿಸಿ, ವಾರ್ಡಿನ ಅಭ್ಯಾಸ,
ಹೆಸರು, ತಾರೀಕು ಬರೆದಿದ್ದೇನೆ. ಆದರೂ ತಮ್ಮನ ಹೆಂಡತಿ
ನನ್ನಲ್ಲಿ ಊಟಕ್ಕೆ ನಿಲ್ಲುವುದಿಲ್ಲ.
ಮನೆ ಮಾಲಕಿ ಸುಹರಾ ಬಾಡಿಗೆ ಇನ್ನೂರು ಏರಿಸಿದಳು:
ಒಬ್ಬಳು ಅಂದಿದ್ದೆ, ಇಬ್ಬರಾದಿರಿ.
ಎದುರು ಮನೆಯ ಗಿರಿಜಕ್ಕ ಷಷ್ಠಿಯ ದಿನ ಹಾಲು ತಂದಳು.
ಕುಡಿಯುವುದಿಲ್ಲ ಅಕ್ಕ ಎಂದರೆ
ನಿನ್ನ ಎದುರಿಗೆ ಕುಡಿಯುವುದಿಲ್ಲ, ಅಷ್ಟೇ, ಎಂದಳು.
ಆ ಹಾಲಲ್ಲಿ ಕಾಫಿ ಮಾಡಿಕೊಂಡೆ.

ನವೆಂಬರಿನಿಂದ ಅದು ಏನೂ ತಿನ್ನಲಿಲ್ಲ.
ಪ್ರತಿ ಭಾನುವಾರ ತೂಗಿದೆ,
ಹೆರಿಗೆ ವಾರ್ಡಿನಲ್ಲಿ ಕೂಸು ತೂಗುವ ಹಾಗೆ.
ಪುತ್ತರಿಯ ರಾತ್ರಿ ಗುಂಡು ಹಾರಿದಾಗ
ಹೊರಗಿವಿಯಿಲ್ಲದ ಅದು ನೆಲದಿಂದ ಕೇಳಿಸಿಕೊಂಡು
ಇನ್ನೊಂದು ಸುತ್ತು ಬಿಗಿಯಾಯಿತು.
ಹೆದರಬೇಡ ಎಂದೆ. ಯಾರಿಗೆ ಹೇಳಿದೆನೋ.

ಜನವರಿಯಲ್ಲಿ ಮೆಣಸು ಕೊಯ್ಯುವಾಗ
ಚೋಮಿಗೆ ಕೊಳಕುಮಂಡಲ ಕಚ್ಚಿತು.
ಜೀಪಿನಿಂದ ಇಳಿಸುವಾಗಲೇ ಕಾಲು ಬಾಳೆದಿಂಡು.
ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ,
ಅಲುಗಿಸದೆ ಇಪ್ಪತ್ತು ನಿಮಿಷ. ಹೆಪ್ಪುಗಟ್ಟಿದರೆ ಸರಿ.
ಗಟ್ಟಲಿಲ್ಲ.
ಓರೆ ಮಾಡಿದರೆ ಸಾರಿನಂತೆ ಹರಿಯಿತು.
ರಾತ್ರಿಯಿಡೀ ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳು.
ಬೆಳಗಿನ ಜಾವ ಇನ್ನೊಂದು ನಳಿಕೆ ಗಟ್ಟಿಯಾದ ಮೇಲೆ
ಅದೇ ಬೆರಳುಗಳನ್ನು ಎರಡು ಸಲ ಸೋಪು ಹಾಕಿ ತೊಳೆದೆ.

ಮನೆಗೆ ಬಂದರೆ ಕರೆಂಟಿಲ್ಲ.
ಆನೆಯೊಂದು ಬೈನೆ ಮರವನ್ನು ತಂತಿಯ ಮೇಲೆ ತಳ್ಳಿತ್ತಂತೆ,
ಬಲ್ಬು ಆರಿ ಎಷ್ಟು ಹೊತ್ತಾಯಿತೋ.
ಪೆಟ್ಟಿಗೆಯ ಗಾಜಿಗೆ ಮಂಜು. ಅದು ತಣ್ಣಗೆ,
ಬೆರಳಿಟ್ಟರೆ ಉಂಡೆಯಾಗಲೂ ಸೋಮಾರಿ.
ಅವತ್ತು ಎತ್ತಿಕೊಳ್ಳಲಾರೆ ಅನಿಸಿತು,
ಆ ಕಾಲು ಕಣ್ಣಲ್ಲೇ ಇತ್ತು.
ಖಾಲಿ ಸಲೈನ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲು ಸುತ್ತಿ,
ಪಕ್ಕಕ್ಕಿಟ್ಟು ಕುಳಿತೆ. ಮತ್ತೆ ಇಪ್ಪತ್ತು ನಿಮಿಷ.
ನಿಧಾನ ಬಿಚ್ಚಿಕೊಂಡು ಬಾಟಲಿಯನ್ನು ಸುತ್ತಿತು.
ನನ್ನತ್ತ ನೋಡಲಿಲ್ಲ. ರೆಪ್ಪೆಯಿಲ್ಲದ ಕಣ್ಣು,
ನೋಡಿದ್ದರೂ ಗೊತ್ತಾಗದು.
ಅದರ ಲೆಕ್ಕದಲ್ಲಿ ನಾನೂ ಒಂದು ಬಾಟಲಿ,
ಬಿಸಿಯಿರುವಷ್ಟು ಹೊತ್ತು.

ಹೇಳಿದರೆ ನಗುತ್ತಾರೆ, ಇದರಲ್ಲೊಂದು ಸುಖವಿದೆ:
ಸಿಸ್ಟರ್, ಸಿಸ್ಟರ್ ಎಂದು ಕೂಗುವವರ ನಡುವಿಂದ ಬಂದು
ಏನೂ ಕೇಳದ ಒಂದೂವರೆ ಕಿಲೋವನ್ನು
ಮೊಣಕೈ ಮೇಲೆ ಹೊತ್ತು
ಸುಮ್ಮನೆ ಕೂರುವುದು.

ಡ್ರೆಸ್ಸಿಂಗಿಗೆ ಬಂದ ಚೋಮಿಗೆ ಯಾರೋ ಹೇಳಿಬಿಟ್ಟಿದ್ದರು.
ಹಾವು ಸಾಕಿದ್ದೀಯಂತಲ್ಲ. ಏನು ಕೆಲಸ ಮಾಡ್ತದೆ?
ಏನೂ ಇಲ್ಲ. ಮೂಲೆ ಹಿಡಿದು ಮಲಗಿರ್ತದೆ.
ಅಂಥದ್ದು ನಮ್ಮ ಲೈನ್‌ಮನೆಯಲ್ಲೂ ಒಂದಿದೆ, ತಾಳಿ ಕಟ್ಟಿದ್ದು,
ಎಂದು ಬ್ಯಾಂಡೇಜಿನ ಕಾಲು ಕುಲುಕುವಷ್ಟು ನಕ್ಕಳು.
ಆಮೇಲೆ ಮೆಲ್ಲಗೆ:
ನನಗೆ ತೋರಿಸಬೇಡ.

ನಿನ್ನೆ ಹೂಮಳೆ ಬಿತ್ತು.
ಕಣ್ಣಿನ ಹಾಲುಬಣ್ಣ ತಿಳಿಯಾಗಿ
ಪೊರೆ ಉದ್ದನೆಯ ಕಾಲುಚೀಲದಂತೆ ಕಳಚಿ
ನೀರಿನ ಬಟ್ಟಲ ಪಕ್ಕ ಬಿದ್ದಿದೆ, ಕಣ್ಣಿನ ಗಾಜೂ ಸಮೇತ.
ಇಲಿ ಕರಗಲು ಇಟ್ಟಿದ್ದೇನೆ.
ತಿಂದರೆ ತಿನ್ನಲಿ.